ಬೂಸ್ಟ್ ಸೆನ್ಸರ್ ಹೊಸದು ಹಾಕಿದರೂ ಅದೇ ಕೋಡ್, ಏರಿನಲ್ಲಿ ಪಿಕಪ್ ಇಲ್ಲ (ಪಿ0236)

ಏರುದಾರಿ

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಇಲ್ಲಿಗೆ ಬಂದಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಗಾಡಿ 1.5 ಲೀಟರ್ ಟರ್ಬೋ ಡೀಸೆಲ್. 1 ಲಕ್ಷ 40 ಸಾವಿರ ಕಿಲೋಮೀಟರ್ ಓಡಿದೆ. ಎರಡು ತಿಂಗಳಿಂದ ಒಂದೇ ಕಾಟ. ಚೆನ್ನಾಗಿ ಓಡುತ್ತಿರುತ್ತದೆ, ಇದ್ದಕ್ಕಿದ್ದ ಹಾಗೆ ಚೆಕ್ ಎಂಜಿನ್ ಲೈಟ್ ಹತ್ತುತ್ತದೆ, ಪಿಕಪ್ ಸತ್ತೇ ಹೋಗುತ್ತದೆ. ಏರಿನಲ್ಲಿ ಎರಡನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಮ್ಮೆ ನಡೆದ ಹಾಗೆ ನಡೆಯುತ್ತದೆ. ಬದಿಗೆ ನಿಲ್ಲಿಸಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನೋ ಥರ ಓಡುತ್ತದೆ. ಒಮ್ಮೊಮ್ಮೆ ವಾರ ಪೂರ್ತಿ ಸುಮ್ನಿರುತ್ತದೆ, ಒಮ್ಮೊಮ್ಮೆ ಹತ್ತೇ ನಿಮಿಷಕ್ಕೆ ಮತ್ತೆ ಶುರು.

ಸ್ಕ್ಯಾನರ್ ಹಾಕಿದರೆ ಪಿ0236 ಒಂದೇ. ಗ್ಯಾರೇಜಿನಲ್ಲಿ ಕೋಡ್ ನೋಡಿದ ಕೂಡಲೇ "ಬೂಸ್ಟ್ ಸೆನ್ಸರ್ ಹೋಗಿದೆ" ಅಂದರು. ಅಂದರೆ ಟರ್ಬೋ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ (ಬೂಸ್ಟ್) ಅಳೆಯುವ ಸೆನ್ಸರ್. ಹೊಸದು ಹಾಕಿಸಿದೆ, ಒರಿಜಿನಲ್ ಮಾಲೇ. ನಾಲ್ಕು ದಿನ ಸರಿಯಾಗಿತ್ತು. ಐದನೇ ದಿನ ಅದೇ ಲೈಟ್, ಅದೇ ಕೋಡ್. ಈಗ "ಹಾಗಾದರೆ ಟರ್ಬೋನೇ ಹೋಗಿರಬೇಕು" ಅಂತಿದ್ದಾರೆ. ಟರ್ಬೋಗೆ ಕೈ ಹಾಕಿಸುವ ಮುಂಚೆ ನಿಮ್ಮನ್ನೊಮ್ಮೆ ಕೇಳೋಣ ಅನ್ನಿಸಿತು.

ಡೀಸೆಲ್ ದಾಸ

1.4 ಲಕ್ಷ ಓಡಿದೆ, ಏರಿನಲ್ಲಿ ಎಳೆಯಲ್ಲ. ಇನ್ನೇನು ಗುರು, ಟರ್ಬೋನೇ. ನನ್ನ ಗಾಡಿಯಲ್ಲೂ ಹೀಗೇ ಆಗಿತ್ತು. ಟರ್ಬೋ ಬದಲಿಸಿದೆ, ಇವತ್ತಿಗೂ ಕುದುರೆ. ಸುಮ್ನೆ ಸಣ್ಣಪುಟ್ಟದಕ್ಕೆ ದುಡ್ಡು ಸುರಿಯಬೇಡ.

ಸ್ಪ್ಯಾನರ್ 14

ದಾಸಣ್ಣ, ನಿಮ್ಮ ಗಾಡಿಗೆ ಆಗ ಯಾವ ಕೋಡ್ ಬಂದಿತ್ತು ಅಂತ ನೆನಪಿದೆಯಾ? ಅದೇ ಇಲ್ಲಿ ಮುಖ್ಯ.

ಬೂಸ್ಟ್‌ಗೆ ಸಂಬಂಧಪಟ್ಟ ಕೋಡ್‌ಗಳೆಲ್ಲ ಒಂದೇ ಅಲ್ಲ. ಪಿ0299 ಬಂದರೆ ಬೂಸ್ಟ್ ಸಾಲುತ್ತಿಲ್ಲ. ಪಿ0234 ಬಂದರೆ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತಿದೆ. ಪಿ0237 ಅಂದರೆ ಸೆನ್ಸರ್ ಸಿಗ್ನಲ್ ವೋಲ್ಟೇಜ್ ತೀರಾ ಕಮ್ಮಿ, ಪಿ0238 ಅಂದರೆ ತೀರಾ ಜಾಸ್ತಿ. ಆ ಎರಡರಲ್ಲಿ ಬಹುತೇಕ ವೈರ್ ತುಂಡಾಗಿರುತ್ತದೆ, ಶಾರ್ಟ್ ಆಗಿರುತ್ತದೆ, ಇಲ್ಲವೇ ಸೆನ್ಸರ್ ಒಳಗೇ ಸತ್ತಿರುತ್ತದೆ.

ಪಿ0236 ಬೇರೆ ಜಾತಿ. ಸಿಗ್ನಲ್ ಬರುತ್ತಿದೆ, ವೋಲ್ಟೇಜ್ ಕೂಡ ಮಿತಿಯೊಳಗೇ ಇದೆ, ಆದರೆ ಸೆನ್ಸರ್ ಹೇಳುವುದನ್ನು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ನಂಬುತ್ತಿಲ್ಲ. ಸಾಕ್ಷಿ ಮಾತಾಡುತ್ತಿದೆ, ಮಾತು ಲೆಕ್ಕಕ್ಕೆ ತಾಳೆ ಆಗುತ್ತಿಲ್ಲ, ಅಷ್ಟೇ.

ಟರ್ಬೋ ನಿಜವಾಗಿ ಸೋತಿದ್ದರೆ 0299 ಬರಬೇಕಿತ್ತು. ಬರದೇ ಇರಲೂಬಹುದು, ಆದರೆ ಬರಲಿಲ್ಲ ಅನ್ನುವುದನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು. ಏರುದಾರಿಯವರೇ, ಇಷ್ಟು ಹೇಳಿ: ಕಪ್ಪು ಹೊಗೆ ಬರುತ್ತಾ? ಆಕ್ಸಿಲರೇಟರ್ ಒತ್ತಿದಾಗ ಬುಸ್ಸ್ ಅಂತ ಗಾಳಿ ಸೋರುವ ಸದ್ದಿದೆಯಾ? ಇಂಟರ್‌ಕೂಲರ್ (ಟರ್ಬೋ ಗಾಳಿಯನ್ನು ತಣ್ಣಗೆ ಮಾಡುವುದು) ಪೈಪಿನ ಕ್ಲ್ಯಾಂಪ್ ಸುತ್ತ ಆಯಿಲ್ ಜಿಡ್ಡು ಇದೆಯಾ? ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ, ಎಂಜಿನ್ ತಣ್ಣಗಿದ್ದಾಗ, ಟರ್ಬೋ ಶಾಫ್ಟ್ ಅಲ್ಲಾಡಿಸಿ ನೋಡಿ. ಆಚೆ ಈಚೆ ಕೂದಲೆಳೆಯಷ್ಟು ಆಟ ಇರುವುದು ಸಹಜ. ಹಿಂದೆ ಮುಂದೆ ಆಡಿದರೆ ಅಥವಾ ಬ್ಲೇಡ್ ಗೋಡೆಗೆ ತಾಗಿದ ಗೀರು ಕಂಡರೆ ಆಗ ಟರ್ಬೋ ಮಾತಾಡೋಣ.

ಏರುದಾರಿ

ಇವತ್ತು ಬೆಳಿಗ್ಗೆ ಎಲ್ಲಾ ನೋಡಿದೆ ಸಾರ್. ಹೊಗೆ ಇಲ್ಲ. ಬುಸ್ ಸದ್ದಿಲ್ಲ. ಒಂದು ಕ್ಲ್ಯಾಂಪ್ ಹತ್ತಿರ ತೆಳುವಾಗಿ ಜಿಡ್ಡಿದೆ, ಒದ್ದೆ ಇಲ್ಲ. ಶಾಫ್ಟ್ ಹಿಂದೆ ಮುಂದೆ ಆಡುತ್ತಿಲ್ಲ, ಬ್ಲೇಡುಗಳು ನೀಟಾಗಿವೆ. ಬಿಚ್ಚಿದ ಹಳೇ ಸೆನ್ಸರ್ ತುದಿಯಲ್ಲಿ ಮಾತ್ರ ಮಸಿ ಮತ್ತು ಆಯಿಲ್ ಸೇರಿ ಟಾರ್ ಥರ ಕಟ್ಟಿತ್ತು.

ಫೋನಿನ ಆ್ಯಪ್‌ನಲ್ಲಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ನೋಡಿದೆ, ಮ್ಯಾಪ್, ಅಂದರೆ ಬೂಸ್ಟ್ ಸೆನ್ಸರ್ ಹೇಳುವ ಒತ್ತಡ, 105 ಕೆಪಿಎ (ಕಿಲೋಪಾಸ್ಕಲ್) ಅಂತ ತೋರಿಸುತ್ತದೆ. ಇದು ಸರಿಯಾ?

ನಾಲ್ಕನೇ ಗೇರ್

ಐಡಲ್‌ನಲ್ಲಿ 105 ಅಂದರೆ ಪರವಾಗಿಲ್ಲ ಅನ್ನಿಸುತ್ತದೆ. ಪೆಟ್ರೋಲ್ ಗಾಡಿಯಲ್ಲಾದರೆ ಥ್ರಾಟಲ್ ಮುಚ್ಚಿರುವುದರಿಂದ ಐಡಲ್‌ನಲ್ಲಿ 30ರಿಂದ 40 ಇರುತ್ತದೆ. ಡೀಸೆಲ್‌ನಲ್ಲಿ ಹೊರಗಿನ ಗಾಳಿಯ ಒತ್ತಡದಷ್ಟೇ, ಸ್ವಲ್ಪ ಆಚೆ ಈಚೆ.

ನನ್ನ ಗಾಡಿಯಲ್ಲಿ ಪಿ0299 ಬರುತ್ತಿತ್ತು. ಅಲ್ಲೂ ಮೊದಲು ಸೆನ್ಸರ್, ಆಮೇಲೆ ಟರ್ಬೋ ಅಂತ ರಾಗ ತೆಗೆದಿದ್ದರು. ಕೊನೆಗೆ ನೋಡಿದರೆ ಟರ್ಬೋ ಆಕ್ಚುಯೇಟರ್‌ಗೆ (ಟರ್ಬೋ ಒತ್ತಡ ಹೆಚ್ಚುಕಮ್ಮಿ ಮಾಡುವ ಸಾಮಾನು) ಹೋಗುವ ವ್ಯಾಕ್ಯೂಮ್ ಹೋಸ್ ಬಿರುಕು ಬಿಟ್ಟಿತ್ತು. ಬೆರಳಿಗಿಂತ ತೆಳ್ಳಗಿನ ರಬ್ಬರ್ ಪೈಪು! ನಿಮ್ಮದೂ ವ್ಯಾಕ್ಯೂಮ್‌ನಲ್ಲಿ ಕೆಲಸ ಮಾಡುವ ಆಕ್ಚುಯೇಟರ್ ಆಗಿದ್ದರೆ ಒಮ್ಮೆ ಎಲ್ಲ ಸಣ್ಣ ಪೈಪುಗಳನ್ನೂ ಬಾಗಿಸಿ ನೋಡಿ. ಹೊರಗಿನಿಂದ ಚೆನ್ನಾಗೇ ಕಾಣುತ್ತವೆ, ಬಾಗಿಸಿದಾಗ ಮಾತ್ರ ಬಾಯಿ ಬಿಡುತ್ತವೆ.

ಹಳೇ ಸೆನ್ಸರ್ ಎಸೆಯಬೇಡಿ. ಏರ್‌ಫ್ಲೋ ಸೆನ್ಸರ್‌ಗೆ ಬಳಸುವ ಕ್ಲೀನರ್ ಸ್ಪ್ರೇ ಹೊಡೆದು ತಾನಾಗೇ ಒಣಗಲು ಬಿಡಿ. ಪಿನ್ನು, ಬ್ರಷ್ಷು ಒಳಗೆ ಹಾಕಬೇಡಿ. ಕಾರ್ಬ್ಯುರೇಟರ್ ಕ್ಲೀನರ್ ಕೂಡ ಬೇಡ, ಒಳಗಿನ ಜೆಲ್ ಹಾಳಾಗಬಹುದು.

ವೈರಿಂಗ್ ಮಾವ

ಐಡಲ್ ರೀಡಿಂಗ್ ನನಗೆ ಬೇಡ. ಎಂಜಿನ್ ಸ್ಟಾರ್ಟ್ ಮಾಡದೆ, ಬರೀ ಕೀ ಆನ್ ಮಾಡಿ ನೋಡಿದ ರೀಡಿಂಗ್ ಕೊಡಿ.

ಯಾಕೆ ಅಂದರೆ, ಎಂಜಿನ್ ನಿಂತಿದ್ದಾಗ ಇನ್‌ಟೇಕ್ ಪೈಪಿನೊಳಗೆ ಇರುವುದು ಹೊರಗಿನ ಗಾಳಿಯೇ. ಆಗ ಬೂಸ್ಟ್ ಸೆನ್ಸರ್ ಮತ್ತು ಹೊರಗಿನ ಗಾಳಿಯ ಒತ್ತಡ ಅಳೆಯುವ ಬ್ಯಾರೋ ಸೆನ್ಸರ್ ಎರಡೂ ಒಂದೇ ಮಾತು ಹೇಳಬೇಕು. ಬ್ಯಾರೋ ಬಹಳ ಗಾಡಿಗಳಲ್ಲಿ ಇಸಿಯು ಡಬ್ಬಿಯ ಒಳಗೇ ಕೂತಿರುತ್ತದೆ, ಅದಕ್ಕೆ ಹೊರಗಿನ ವೈರೇ ಇಲ್ಲ. ಹಾಗಾಗಿ ಹೋಲಿಸಿ ನೋಡೋಕೆ ಅದಕ್ಕಿಂತ ಒಳ್ಳೆ ತಕ್ಕಡಿ ಸಿಗಲ್ಲ. ಒಂದೆರಡು ಕೆಪಿಎ ವ್ಯತ್ಯಾಸ ಇದ್ದರೆ ಬಿಡಿ. ಜಾಸ್ತಿ ಇದ್ದರೆ ಇಸಿಯುಗೂ ಅದೇ ಅನುಮಾನ.

ಇನ್ನೊಂದು ವಿಷಯ. 100 ಅಂದರೆ ಸರಿ ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ. ಸಮುದ್ರಮಟ್ಟದಲ್ಲಿ 101 ಇರುವುದು, ಸಾವಿರ ಮೀಟರ್ ಮೇಲೇರಿದರೆ ಸುಮಾರು 90ಕ್ಕೆ ಇಳಿಯುತ್ತದೆ. ನೀವು ಎಷ್ಟು ಎತ್ತರದಲ್ಲಿದ್ದೀರಿ ಅನ್ನುವುದೂ ಬೇಕು.

ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ಬೆಳಿಗ್ಗೆ ಮೊದಲ ಕೆಲಸ ಇದು. ಮ್ಯಾಪ್, ಬ್ಯಾರೋ, ಕೂಲೆಂಟ್ ಬಿಸಿ, ಇನ್‌ಟೇಕ್ ಗಾಳಿಯ ಬಿಸಿ, ಹೊರಗಿನ ಬಿಸಿ. ಐದೂ ಬರೆದುಕೊಂಡು ಬನ್ನಿ.

ಏರುದಾರಿ

ಮಾವ, ತಗೊಳ್ಳಿ. ಕೀ ಆನ್, ಎಂಜಿನ್ ಆಫ್:

ಮ್ಯಾಪ್ 104. ಬ್ಯಾರೋ 93. ಕೂಲೆಂಟ್ 26 ಡಿಗ್ರಿ, ಹೊರಗೆ 26, ಇನ್‌ಟೇಕ್ ಗಾಳಿ 23. ನಾನಿರುವ ಜಾಗ ಸುಮಾರು 700 ಮೀಟರ್ ಎತ್ತರದಲ್ಲಿದೆ.

ಒಂದು ವಿಚಿತ್ರ ಹೇಳಲಾ? ಆ್ಯಪ್‌ನಲ್ಲಿರುವ ಬೂಸ್ಟ್ ಮೀಟರ್ ಎಂಜಿನ್ ಆಫ್ ಇದ್ದಾಗಲೂ 0.1 ಬಾರ್ ತೋರಿಸುತ್ತಿತ್ತು. ಎಷ್ಟೋ ದಿನದಿಂದ ನೋಡುತ್ತಿದ್ದೇನೆ. ಆ್ಯಪ್ ಸರಿಯಿಲ್ಲ ಅಂದುಕೊಂಡು ಬಿಟ್ಟಿದ್ದೆ.

ಸ್ಪ್ಯಾನರ್ 14

ಅಯ್ಯೋ ಮಾರಾಯರೇ, ಅದನ್ನು ಮೊದಲೇ ಹೇಳೋದಲ್ವಾ! ಆ್ಯಪ್ ಮ್ಯಾಪ್‌ನಿಂದ ಬ್ಯಾರೋ ಕಳೆದು ಬೂಸ್ಟ್ ಅಂತ ತೋರಿಸುತ್ತದೆ. 104ರಲ್ಲಿ 93 ಹೋದರೆ 11 ಕೆಪಿಎ, ಅಂದರೆ 0.1 ಬಾರ್. ನಿಂತ ಎಂಜಿನ್‌ನಲ್ಲಿ ಬೂಸ್ಟ್ ಎಲ್ಲಿಂದ ಬರಬೇಕು?

ವೈರಿಂಗ್ ಮಾವ

700 ಮೀಟರ್‌ಗೆ 93 ಸರಿಯಾದ ಲೆಕ್ಕ. ಬ್ಯಾರೋ ಸತ್ಯ ಹೇಳುತ್ತಿದೆ. ಬೂಸ್ಟ್ ಸೆನ್ಸರ್ 11 ಜಾಸ್ತಿ ಹೇಳುತ್ತಿದೆ. ಅದೂ ಹೊಸ ಸೆನ್ಸರ್.

ಈಗ ಬಿಸಿಯ ಲೆಕ್ಕ ನೋಡಿ. ರಾತ್ರಿಯೆಲ್ಲ ನಿಂತ ಗಾಡಿ, ಕೂಲೆಂಟ್ 26, ಹೊರಗೂ 26. ಇನ್‌ಟೇಕ್ ಗಾಳಿ ಮಾತ್ರ 23 ಯಾಕೆ? ನಿಮ್ಮ ಸೆನ್ಸರ್‌ಗೆ ನಾಲ್ಕು ವೈರ್ ಇರಬೇಕು. ಒಂದು 5 ವೋಲ್ಟ್, ಒಂದು ಗ್ರೌಂಡ್, ಒಂದು ಒತ್ತಡದ ಸಿಗ್ನಲ್, ಒಂದು ಬಿಸಿಯ ಸಿಗ್ನಲ್. ಬಿಸಿ ಅಳೆಯುವ ಥರ್ಮಿಸ್ಟರ್ ಕೂಡ ಅದೇ ಡಬ್ಬಿಯಲ್ಲಿ ಕೂತು ಅದೇ ಗ್ರೌಂಡ್ ಬಳಸುತ್ತದೆ. ತಣ್ಣಗಾದಷ್ಟೂ ಅದರ ವೋಲ್ಟೇಜ್ ಜಾಸ್ತಿ.

ಒತ್ತಡದ ವೋಲ್ಟೇಜೂ ಮೇಲೆ ಹೋಗಿದೆ, ಬಿಸಿಯ ವೋಲ್ಟೇಜೂ ಮೇಲೆ ಹೋಗಿದೆ. ಎರಡು ಬೇರೆ ಬೇರೆ ಅಳತೆ ಒಂದೇ ದಿಕ್ಕಿಗೆ ತಪ್ಪುತ್ತಿವೆ ಅಂದರೆ ಇಬ್ಬರೂ ನಿಂತಿರುವ ನೆಲವೇ ಮೇಲೆದ್ದಿದೆ. ಗ್ರೌಂಡ್. ಅರ್ತಿಂಗ್ ಅಂತೀವಲ್ಲ, ಅದು. ಮಣೆ ಮೇಲೆ ನಿಂತು ಎತ್ತರ ಅಳೆಸಿಕೊಂಡರೆ ಆಳು ಉದ್ದ ಬರುತ್ತಾನೆ, ಹಾಗೆ.

ನನ್ನ ಊಹೆ ಇದು: ಸೆನ್ಸರ್‌ನಿಂದ ಇಸಿಯುಗೆ ಹೋಗುವ ಗ್ರೌಂಡ್ ವೈರಿನಲ್ಲಿ ಎಲ್ಲೋ ಕಾಂಟ್ಯಾಕ್ಟ್ ಕೆಟ್ಟಿದೆ. ಹಳೇ ಸೆನ್ಸರ್ ಮಸಿ ಹಿಡಿದಿತ್ತೇ ಹೊರತು ಸತ್ತಿರಲಿಲ್ಲ ಅಂತ ಕಾಣುತ್ತದೆ.

ಡೀಸೆಲ್ ದಾಸ

ಮಾವ, ಒಪ್ಪಿದೆ, 11 ಕೆಪಿಎ ತಪ್ಪು. ಆದರೆ ಪೂರ್ತಿ ಬೂಸ್ಟ್‌ನಲ್ಲಿ 220ರ ಹತ್ತಿರ ಓಡುವ ಎಂಜಿನ್‌ಗೆ 11 ಯಾವ ಮೂಲೆಗೆ? ಅಷ್ಟಕ್ಕೆ ಗಾಡಿ ಎಮ್ಮೆ ಆಗಲ್ಲ. ಏರಿನಲ್ಲಿ ಎಳೆಯಲ್ಲ ಅಂದರೆ ಬೇರೆ ಏನೋ ಇದೆ.

ವೈರಿಂಗ್ ಮಾವ

ಒಳ್ಳೆ ಪ್ರಶ್ನೆ ದಾಸ. ನಿಜ ಹೇಳಬೇಕಂದರೆ ಪೂರ್ತಿ ಬೂಸ್ಟ್‌ನಲ್ಲಿ 11 ಕೂಡ ಇರಲ್ಲ, ಅದರ ಅರ್ಧದಷ್ಟು ಇರಬಹುದು. ಸೆನ್ಸರ್ 5 ವೋಲ್ಟ್‌ಗೂ ಗ್ರೌಂಡ್‌ಗೂ ನಡುವೆ ಪಾಲು ಹಂಚುವ ಸಾಮಾನು. ಕೆಳಗಿನ ತುದಿ ಮೇಲೆದ್ದರೂ ಮೇಲಿನ ತುದಿ ಅಲ್ಲೇ ಇರುತ್ತದೆ. ಹಾಗಾಗಿ ಒತ್ತಡ ಹೆಚ್ಚಾದ ಹಾಗೆ ತಪ್ಪು ಕಮ್ಮಿಯಾಗುತ್ತದೆ.

ಆದರೆ ಪಿಕಪ್ ಕದ್ದಿದ್ದು ಆ 11 ಅಲ್ಲ, ಇಸಿಯು. ಬೂಸ್ಟ್ ಎಷ್ಟಿದೆ ಅಂತ ನಂಬಿಕೆ ಬರದಿದ್ದರೆ ಅದು ಲಿಂಪ್ ಮೋಡ್‌ಗೆ ಹೋಗುತ್ತದೆ. ಡೀಸೆಲ್ ಕಮ್ಮಿ ಮಾಡುತ್ತದೆ, ಟರ್ಬೋ ಒತ್ತಡವನ್ನು ಕೆಳಗಿಟ್ಟುಕೊಳ್ಳುತ್ತದೆ. ಎಂಜಿನ್ ಉಳಿಸಿಕೊಳ್ಳಲಿಕ್ಕೆ ತಾನೇ ಕೈಕಟ್ಟಿ ಕೂರುತ್ತದೆ. ಅದಕ್ಕೇ ಆಫ್ ಮಾಡಿ ಆನ್ ಮಾಡಿದ ಕೂಡಲೇ ಮೊದಲಿನ ಹಾಗೆ ಎಳೆಯುತ್ತದೆ. ನಿಜವಾಗಿ ಸೋತ ಟರ್ಬೋ ಕೀ ತಿರುಗಿಸಿದ್ದಕ್ಕೆ ಹುಷಾರಾಗುತ್ತಾ?

ಡೀಸೆಲ್ ದಾಸ

ಅದೂ ಸರಿ.

ಏರುದಾರಿ

ಮಾವ, ಒಂದು ಗೊಂದಲ. ವೈರಿಂಗ್ ಆಗಲೇ ಚೆಕ್ ಮಾಡಿಸಿದ್ದೆ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಬಜರ್ ಇಟ್ಟು ನಾಲ್ಕೂ ವೈರ್ ಈ ತುದಿಯಿಂದ ಆ ತುದಿಗೆ ನೋಡಿದರು. ನಾಲ್ಕೂ ಪೀಂ ಅಂದವು. "ವೈರಿಂಗ್ ಪಕ್ಕಾ ಇದೆ" ಅಂತ ಹೇಳಿ ಕಳಿಸಿದರು.

ವೈರಿಂಗ್ ಮಾವ

ಈ ಬಜರ್‌ನಿಂದ ಹಾಳಾದ ಮನೆಗಳು ಎಷ್ಟೋ.

ಬಹಳ ಮೀಟರ್‌ಗಳಲ್ಲಿ ಬಜರ್ 30 ಓಮ್, 50 ಓಮ್ ಇದ್ದರೂ ಕೂಗುತ್ತದೆ. ವೈರ್ ಇದೆಯಾ ಇಲ್ಲವಾ ಅಂತ ಹೇಳುವುದಷ್ಟೇ ಅದರ ಕೆಲಸ, ಚೆನ್ನಾಗಿದೆಯಾ ಅಂತ ಅಲ್ಲ. ಲೆಕ್ಕ ಹಾಕಿ. ಇಂಥ ಸೆನ್ಸರ್ ಸುಮಾರು 10 ಮಿಲಿಆಂಪ್ ಎಳೆಯುತ್ತದೆ ಅಂದುಕೊಳ್ಳಿ. ಗ್ರೌಂಡಿನಲ್ಲಿ 20 ಓಮ್ ಸೇರಿದರೆ 0.2 ವೋಲ್ಟ್ ಅಲ್ಲೇ ಉಳಿದುಬಿಡುತ್ತದೆ. ಬಜರ್‌ಗೆ 20 ಓಮ್ ಏನೂ ಅಲ್ಲ. ಸೆನ್ಸರ್‌ಗೆ ಅದು 10 ಕೆಪಿಎ.

ಹೀಗೆ ಮಾಡಿ. ಸೆನ್ಸರ್ ಕನೆಕ್ಟರ್ ಹಾಕಿದ್ದ ಹಾಗೇ ಇರಲಿ, ಕಳಚಬೇಡಿ. ಕೀ ಆನ್, ಎಂಜಿನ್ ಆಫ್. ಕನೆಕ್ಟರ್ ಹಿಂಭಾಗದಿಂದ, ವೈರ್ ಒಳಗೆ ಹೋಗುವ ರಬ್ಬರ್ ಪಕ್ಕದಲ್ಲಿ ತೆಳುವಾದ ಪಿನ್ ನಿಧಾನವಾಗಿ ತೂರಿಸಿ ಟರ್ಮಿನಲ್‌ಗೆ ಮುಟ್ಟಿಸಿ. ವೈರಿನ ಮೈ ಚುಚ್ಚಬೇಡಿ, ಆ ತೂತಿನಿಂದಲೇ ನಾಳೆ ನೀರು ಹೋಗುತ್ತದೆ. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ಪ್ರೋಬ್ ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಕೆಂಪು ಸೆನ್ಸರ್ ಗ್ರೌಂಡ್ ಪಿನ್ನಿಗೆ. 0.05 ವೋಲ್ಟ್ ಒಳಗಿದ್ದರೆ ನಾನು ಹೇಳಿದ್ದೆಲ್ಲ ಸುಳ್ಳು, ಟೋಪಿ ಬಿಚ್ಚುತ್ತೇನೆ. 0.1 ದಾಟಿದರೆ ಕಳ್ಳ ಸಿಕ್ಕ. ಹಾಗೇ 5 ವೋಲ್ಟ್ ಪಿನ್ನನ್ನೂ ನೋಡಿಬಿಡಿ. ಆ 5 ವೋಲ್ಟ್ ಬೇರೆ ಸೆನ್ಸರ್‌ಗಳಿಗೂ ಹಂಚಿರುತ್ತದೆ, ಅವುಗಳಲ್ಲಿ ಒಂದು ಶಾರ್ಟ್ ಆದರೂ ಇದರ ರೀಡಿಂಗ್ ಕೆಡುತ್ತದೆ.

ಆಮೇಲೆ ಮೀಟರ್ ಮೇಲೆ ಕಣ್ಣಿಟ್ಟುಕೊಂಡು ವೈರ್ ಕಟ್ಟನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತಾ ಹೋಗಿ. ಎಲ್ಲಿ ಸಂಖ್ಯೆ ಕುಣಿಯುತ್ತದೋ ಅಲ್ಲಿ ಟೇಪ್ ಬಿಚ್ಚಿ.

ನಾಲ್ಕನೇ ಗೇರ್

ಇಬ್ಬರಿದ್ದರೆ ಸುಲಭ. ಒಬ್ಬರು ಅಲ್ಲಾಡಿಸುವುದು, ಇನ್ನೊಬ್ಬರು ಆ್ಯಪ್‌ನಲ್ಲಿ ಮ್ಯಾಪ್ ನೋಡುತ್ತಾ ಕೂಗುವುದು. ಫ್ಯಾನ್ ಹತ್ತಿರ ಕೈ ಇಡುವಾಗ ಜೋಪಾನ, ಕೀ ಆನ್ ಇದ್ದರೆ ಅದು ತಾನಾಗೇ ತಿರುಗಬಹುದು.

ಏರುದಾರಿ (ಮೂರು ದಿನದ ಮೇಲೆ)

ಮಾವ, ನಿಮ್ಮ ಟೋಪಿ ತಲೆ ಮೇಲೇ ಇರಲಿ.

5 ವೋಲ್ಟ್ ಪಿನ್: 5.01. ಗ್ರೌಂಡ್ ಪಿನ್: 0.21. ಎರಡು ಸಲ ನೋಡಿದೆ, ಕೈ ನಡುಗುತ್ತಿತ್ತು. ತಮ್ಮನನ್ನು ಕೂರಿಸಿ ವೈರ್ ಕಟ್ಟು ಅಲ್ಲಾಡಿಸುತ್ತಾ ಹೋದೆ. ಸೆನ್ಸರ್ ಹತ್ತಿರ ಏನೂ ಆಗಲಿಲ್ಲ. ಬ್ಯಾಟರಿ ತಟ್ಟೆಯ ಹಿಂದೆ ಬಂದಾಗ "104, 95, 108, 94" ಅಂತ ತಮ್ಮ ಕೂಗೋಕೆ ಶುರು ಮಾಡಿದ. ಅಲ್ಲಿ ಟೇಪ್ ಸುತ್ತಿದ್ದ ಬಣ್ಣವೇ ಬೇರೆ. ಕಂಪನಿಯದ್ದು ಬಟ್ಟೆ ಟೇಪು, ಇಲ್ಲಿ ಹೊಳೆಯುವ ಪ್ಲಾಸ್ಟಿಕ್ ಟೇಪು.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಇಲಿ ಬಾನೆಟ್ ಒಳಗೆ ಸಂಸಾರ ಹೂಡಿತ್ತು. ಮೂರ್ನಾಲ್ಕು ವೈರ್ ಕಡಿದಿತ್ತು. ಯಾರೋ ಎಲೆಕ್ಟ್ರಿಷಿಯನ್ ಬಂದು ಅರ್ಧ ಗಂಟೆಯಲ್ಲಿ ಸರಿ ಮಾಡಿ ಹೋಗಿದ್ದರು. ಅದನ್ನು ನಾನು ಮರೆತೇಬಿಟ್ಟಿದ್ದೆ, ಗ್ಯಾರೇಜಿಗೂ ಹೇಳಿರಲಿಲ್ಲ, ನಿಮಗೂ ಹೇಳಲಿಲ್ಲ.

ಟೇಪ್ ಬಿಚ್ಚಿದರೆ ವೈರುಗಳನ್ನು ಬತ್ತಿ ಹೊಸೆದ ಹಾಗೆ ಹೊಸೆದಿದ್ದಾರೆ, ಅಷ್ಟೇ. ಬೆಸುಗೆ ಇಲ್ಲ, ಏನಿಲ್ಲ. ಮೂರು ಗಂಟು ಪರವಾಗಿಲ್ಲ. ನಾಲ್ಕನೆಯದು ಕಂದು ವೈರು, ಒಳಗೆಲ್ಲ ಹಸಿರು ಪಾಚಿ ಥರ ಆಗಿ ಎಳೆದರೆ ಪುಡಿ ಉದುರಿತು. ಅದೇ ಸೆನ್ಸರ್ ಗ್ರೌಂಡ್.

ಸ್ಪ್ಯಾನರ್ 14

ಹೊಸ ಸೆನ್ಸರ್ ಹಾಕಿದ ಮೇಲೆ ನಾಲ್ಕು ದಿನ ಸರಿ ಇದ್ದಿದ್ದು ಯಾಕೆ ಅಂತ ಈಗ ಗೊತ್ತಾಯಿತು. ಬದಲಿಸುವಾಗ ವೈರ್ ಎಳೆದಾಡಿದ್ದಾರೆ, ಗಂಟು ಸ್ವಲ್ಪ ಕೂತಿದೆ. ಇಂಥ ಕಾಕತಾಳೀಯದಿಂದಲೇ "ಪಾರ್ಟ್ ಹಾಕಿದ್ದಕ್ಕೆ ಸರಿಹೋಯಿತು" ಅನ್ನುವ ನಂಬಿಕೆ ಬೆಳೆಯುವುದು.

ಈಗ ಹೇಗೆ ಜೋಡಿಸುತ್ತೀರಿ? ಬೆಸುಗೆ ಹಾಕಿಸಿ, ಮೇಲೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ತೊಡಿಸಿ.

ವೈರಿಂಗ್ ಮಾವ

ನನ್ನ ಓಟು ಕ್ರಿಂಪ್‌ಗೆ, ಅಂದರೆ ಲೋಹದ ತೋಳಿನೊಳಗೆ ವೈರ್ ಇಟ್ಟು ಒತ್ತಿ ಜೋಡಿಸುವುದಕ್ಕೆ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕ್ರಿಂಪ್ ಸಿಗುತ್ತದೆ, ಸರಿಯಾದ ಕ್ರಿಂಪಿಂಗ್ ಪ್ಲೈಯರ್‌ನಲ್ಲೇ ಒತ್ತಬೇಕು. ಬೆಸುಗೆ ಹಾಕಿದರೆ ಸೀಸ ವೈರಿನ ಎಳೆಗಳೊಳಗೆ ಹೀರಿಕೊಂಡು ಅಲ್ಲಿ ಕಡ್ಡಿ ಥರ ಬಿರುಸಾಗುತ್ತದೆ. ಎಂಜಿನ್ ಕಂಪನಕ್ಕೆ ಆ ಬಿರುಸು ಮುಗಿಯುವ ಜಾಗದಲ್ಲೇ ತುಂಡಾಗುತ್ತದೆ. ವೈರ್ ಅಲ್ಲಾಡದ ಹಾಗೆ ಗಟ್ಟಿ ಕಟ್ಟಿದರೆ ಬೆಸುಗೆಯೂ ನಡೆಯುತ್ತದೆ, ಜಗಳ ಬೇಡ.

ಹಸಿರಾದ ಭಾಗ ಪೂರ್ತಿ ಕತ್ತರಿಸಿ, ತಾಮ್ರ ಹೊಳೆಯುವ ತನಕ. ಹಸಿರು ಇನ್ಸುಲೇಷನ್ ಒಳಗೆ ಹರಿದುಕೊಂಡು ದೂರ ಹೋಗಿರುತ್ತದೆ. ಉದ್ದ ಸಾಲದಿದ್ದರೆ ಅದೇ ದಪ್ಪದ ತುಂಡು ವೈರ್ ಸೇರಿಸಿ. ಉಳಿದ ಮೂರು ಗಂಟನ್ನೂ ಈಗಲೇ ಮುಗಿಸಿಬಿಡಿ, "ಪರವಾಗಿಲ್ಲ" ಅಂತ ಬಿಟ್ಟರೆ ಮುಂದಿನ ಮಳೆಗೆ ಇನ್ನೊಂದು ಕೋಡ್ ಹಿಡಿದುಕೊಂಡು ಬರುತ್ತೀರಿ. ನಾಲ್ಕೂ ಜೋಡಣೆ ಒಂದೇ ಜಾಗಕ್ಕೆ ಬರದ ಹಾಗೆ ಹಿಂದೆ ಮುಂದೆ ಮಾಡಿ ಕತ್ತರಿಸಿ. ಬ್ಯಾಟರಿ ನೆಗೆಟಿವ್ ಕಳಚಿಟ್ಟು ಕೆಲಸ ಮಾಡಿ.

ಏರುದಾರಿ (ಹನ್ನೆರಡು ದಿನದ ಮೇಲೆ)

ಬೇಕೆಂದೇ ತಡವಾಗಿ ಬರೆಯುತ್ತಿದ್ದೇನೆ. ಕಳೆದ ಸಲ ನಾಲ್ಕು ದಿನಕ್ಕೇ ಖುಷಿಪಟ್ಟು ಮೋಸಹೋಗಿದ್ದೆ.

ನಾಲ್ಕೂ ವೈರ್ ಕ್ರಿಂಪ್ ಆಯಿತು. ಗ್ರೌಂಡ್ ಪಿನ್ ಈಗ 0.01 ವೋಲ್ಟ್. ಕೀ ಆನ್ ಮಾಡಿದರೆ ಮ್ಯಾಪ್ 93, ಬ್ಯಾರೋ 93. ಬೆಳಿಗ್ಗೆ ಇನ್‌ಟೇಕ್ ಗಾಳಿ, ಕೂಲೆಂಟ್ ಎರಡೂ 25. ಆ್ಯಪ್‌ನ ಬೂಸ್ಟ್ ಮುಳ್ಳು ಕೊನೆಗೂ ಸೊನ್ನೆಯಲ್ಲಿ ಕೂತಿದೆ.

ತಮ್ಮ ಓಡಿಸಿದ, ನಾನು ಪಕ್ಕದಲ್ಲಿ ಕೂತು ಲಾಗ್ ತೆಗೆದೆ. ಖಾಲಿ ರಸ್ತೆ, ಮೂರನೇ ಗೇರ್, 1500 ಆರ್‌ಪಿಎಂನಿಂದ ಪೂರ್ತಿ ಒತ್ತಿ 3500ರ ತನಕ. ಇಸಿಯು ಕೇಳಿದ್ದು 220, ಸಿಕ್ಕಿದ್ದು 217. 2000ದ ಹತ್ತಿರ ಮಾತ್ರ ಸಿಕ್ಕಿದ್ದು ಸ್ವಲ್ಪ ಹಿಂದೆ ಬೀಳುತ್ತದೆ, ಆಮೇಲೆ ಕೂಡಿಕೊಳ್ಳುತ್ತದೆ. ಕೋಡ್ ಮತ್ತೆ ಬಂದಿಲ್ಲ. ಆ ಏರನ್ನು ನಾಲ್ಕು ಸಲ ಹತ್ತಿದ್ದೇನೆ, ಮೂರನೇ ಗೇರಿನಲ್ಲೇ.

ಸ್ಪ್ಯಾನರ್ 14

2000ದಲ್ಲಿ ಸ್ವಲ್ಪ ಹಿಂದೆ ಬೀಳುವುದು ಟರ್ಬೋ ಗಾಡಿಯಲ್ಲಿ ಸಹಜ. ಆದರೂ ಆ ಜಿಡ್ಡಿನ ಕ್ಲ್ಯಾಂಪ್ ಒಮ್ಮೆ ಬಿಗಿ ಮಾಡಿ, ಜಿಡ್ಡು ಒರೆಸಿಟ್ಟು ತಿಂಗಳ ಮೇಲೆ ಮತ್ತೆ ನೋಡಿ. ಈ ಲಾಗ್ ಅಳಿಸಬೇಡಿ. ಮುಂದೆ ಏನಾದರೂ ಆದರೆ ಹೋಲಿಸೋಕೆ ಬೇಕಾಗುತ್ತದೆ.

ಡೀಸೆಲ್ ದಾಸ

ನನ್ನ ಹಳೇ ಬಿಲ್ ಹುಡುಕಿದೆ. ಕೋಡ್ ಪಿ0299 ಅಂತಲೇ ಬರೆದಿದೆ. ಟರ್ಬೋ ಜೊತೆಗೆ ಒಂದು ವ್ಯಾಕ್ಯೂಮ್ ಹೋಸ್ ಕೂಡ ಬದಲಿಸಿದ್ದಾರೆ. ನಾಲ್ಕನೇ ಗೇರ್ ಮೇಡಂ, ನೀವು ಏನೂ ಹೇಳಬೇಡಿ.

ನಾಲ್ಕನೇ ಗೇರ್

ಏನೂ ಹೇಳಲಿಲ್ಲ ಅಣ್ಣ. 😄

ಏರುದಾರಿ

ಹಳೇ ಸೆನ್ಸರ್ ಕ್ಲೀನ್ ಮಾಡಿ ಹಾಕಿ ನೋಡಿದೆ. ಅದೂ 93 ತೋರಿಸುತ್ತದೆ! ಈಗ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಸ್ಪೇರ್ ಆಗಿ ಕೂತಿದೆ. ಪಕ್ಕದಲ್ಲೇ ಇಲಿ ಓಡಿಸುವ ಸ್ಪ್ರೇ.

ಹೊಸಬ 08

ನಮಸ್ಕಾರ, ನನ್ನದೂ ಇದೇ ಪ್ರಾಬ್ಲಂ ಅನ್ನಿಸುತ್ತದೆ. ಕೋಡ್ ಪಿ0238. ಗ್ರೌಂಡ್ ವೈರ್ ಬದಲಿಸಿದರೆ ಸಾಕಾ?

ವೈರಿಂಗ್ ಮಾವ

ತಡಿ ತಡಿ. 0238 ಬೇರೆ ಕಥೆ, ಮೇಲೆ ಸ್ಪ್ಯಾನರ್ ಬರೆದದ್ದನ್ನು ಓದಿ. ಬೇರೆ ಚರ್ಚೆ ಶುರು ಮಾಡಿ, ಏನೂ ಬದಲಿಸದೆ ಬನ್ನಿ. ಕೀ ಆನ್ ಎಂಜಿನ್ ಆಫ್ ಮ್ಯಾಪ್ ಎಷ್ಟು, ಬ್ಯಾರೋ ಎಷ್ಟು, ಸೆನ್ಸರ್ ಕನೆಕ್ಟರ್ ಕಳಚಿದಾಗ ಮ್ಯಾಪ್ ಎಷ್ಟಕ್ಕೆ ಹೋಗುತ್ತದೆ, ಮೂರೂ ಬರೆಯಿರಿ. ಇಲಿ ಬಂದಿತ್ತಾ ಅನ್ನೋದನ್ನೂ.